ಎತ್ತಿದ್ದು: ಸೊನ್ನೆ

ಹೊರಟ ದಿನ

ನನ್ನ ಡೈರಿಯಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ಎಲ್ಲಿಗಾದರೂ ಹೋಗಿ ಬಂದ ರಾತ್ರಿ 'ಎತ್ತಿದ್ದು' ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಹಾಕುತ್ತೇನೆ. ಆವತ್ತು ನನ್ನನ್ನು ಎಷ್ಟು ಸಲ ಬೇರೆಯವರು ಎತ್ತಿ ಇಟ್ಟರು ಅನ್ನುವ ಲೆಕ್ಕ ಅದು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಅಲ್ಲಿಂದ ಅಪ್ಪ ಎತ್ತಿದರು, ಅಣ್ಣ ಎತ್ತಿದ, ಕಾಲೇಜಿನಲ್ಲಿ ಗೆಳತಿಯರು ಎತ್ತಿದರು, ಕಂಡಕ್ಟರುಗಳು ಎತ್ತಿದರು, ಮದುವೆ ಮನೆಗಳಲ್ಲಿ ಹೆಸರೂ ಗೊತ್ತಿಲ್ಲದ ಗಂಡಸರು ಎತ್ತಿದರು. ಎಲ್ಲರೂ ಒಳ್ಳೆಯವರೇ. ಆದರೂ ಸೀರೆ ಎಲ್ಲಿ ಸರಿಯಿತೋ ಅನ್ನುವ ಗಾಬರಿ, ಅವರ ಏದುಸಿರು ಕಿವಿಗೆ ಬೀಳುವಾಗ 'ಅಯ್ಯೋ ನಾನು ಭಾರ' ಅನ್ನುವ ನಾಚಿಕೆ, ಇದೆಲ್ಲ ಎತ್ತಿಸಿಕೊಂಡವರಿಗೇ ಗೊತ್ತು.

ಮೇ ತಿಂಗಳಲ್ಲಿ ಲಂಡನ್ನಿಗೆ ಹೊರಟೆ. ಅಣ್ಣನ ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. "ಅತ್ತೆ, ನೀನೊಬ್ಬಳೇ ಬಾ, ನಾನು ಆಫೀಸಿಗೆ ಹೋಗ್ತೀನಿ, ನೀನು ಊರು ಸುತ್ತು" ಅಂದಳು. ಒಬ್ಬಳೇ ಊರು ಸುತ್ತುವುದು! ಹಾಸನದಲ್ಲಿ ಬ್ಯಾಂಕಿಗೆ ಹೋಗಿ ಬರುವುದಕ್ಕೇ ನನಗೆ ಒಬ್ಬ ಕಾಯಂ ಆಟೋದವನು ಬೇಕು.

ಹಾಸನದಿಂದ ಬೆಂಗಳೂರಿಗೆ ಅಣ್ಣನ ಕಾರು. ಹತ್ತಿಸಿ ಇಳಿಸಿದ್ದು ಎರಡು ಸಲ. ವಿಮಾನದ ಓಣಿಯಲ್ಲಿ ನನ್ನ ವೀಲ್‌ಚೇರ್ ಹಿಡಿಸುವುದಿಲ್ಲ, ಅದಕ್ಕೇ ಅಂತ ಒಂದು ಸಪೂರ ಕುರ್ಚಿ ತರುತ್ತಾರೆ. ಅದರ ಮೇಲೆ ಕೂರಿಸಿ, ಬೆಲ್ಟು ಬಿಗಿದು, ಸೀಟಿಗೆ ಸಾಗಿಸಿ, ಇಬ್ಬರು ಸೇರಿ ಎತ್ತಿ ಹಾಕಿದರು. ಇಳಿಯುವಾಗಲೂ ಅದೇ. ಡೈರಿಯಲ್ಲಿ ನಾಲ್ಕು ಅಂತ ಬರೆದೆ.

ಮೊದಲ ದಿನ

ಹೀಥ್ರೂವಿನಲ್ಲಿ ನನ್ನ ಕುರ್ಚಿ ವಿಮಾನದ ಬಾಗಿಲಿಗೇ ಬಂತು. ಅದನ್ನು ನೋಡಿ ನನಗಾದ ಖುಷಿ ಆಮೇಲೆ ಸೊಸೆಯನ್ನು ನೋಡಿದಾಗಲೂ ಆಗಲಿಲ್ಲ. (ಅವಳು ಓದಿದರೆ ಓದಲಿ.) ಅವಳ ಮನೆ ಊರಿನ ಇನ್ನೊಂದು ತುದಿಯ ವುಲಿಚ್‌ನಲ್ಲಿ. ಟ್ಯಾಕ್ಸಿ ಮಾಡಿರುತ್ತಾಳೆ ಅಂದುಕೊಂಡಿದ್ದೆ. "ಟ್ರೈನಲ್ಲೇ ಹೋಗೋಣ" ಅಂದಳು. ಟ್ರೈನು ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬೋಗಿಯ ಬಾಗಿಲು. ಆ ಕಬ್ಬಿಣದ ಮೆಟ್ಟಿಲು, ಕೆಳಗಿಂದ ಅಣ್ಣ, ಮೇಲಿಂದ ಒಬ್ಬ ಕೂಲಿ.

ಲಿಫ್ಟು, ಉದ್ದನೆಯ ಓಣಿ, ಮತ್ತೊಂದು ಲಿಫ್ಟು, ಪ್ಲಾಟ್‌ಫಾರಂ. ಇದು ಎಲಿಜಬೆತ್ ಲೈನ್, 2022ರ ಮೇ 24ಕ್ಕೆ ಶುರುವಾದದ್ದು. 41 ಸ್ಟೇಷನ್ನುಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರಂವರೆಗೆ ಒಂದು ಮೆಟ್ಟಿಲೂ ಹತ್ತದೆ ಹೋಗಬಹುದು. ಬಾಗಿಲು ತೆರೆಯಿತು. ನಾನು ಅಭ್ಯಾಸದಂತೆ ಹಿಂದಕ್ಕೆ ವಾಲಿ ಮುಂದಿನ ಚಿಕ್ಕ ಗಾಲಿಗಳನ್ನು ಎತ್ತಿ ಹಿಡಿದೆ. ವೀಲ್‌ಚೇರಿನವರಿಗೆ ಈ ಪುಟ್ಟ ಗಾಲಿಗಳೇ ಶನಿ. ಎಲ್ಲಿ ಸಂದು ಕಂಡರೂ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತವೆ. ಆದರೆ ಇಲ್ಲಿ ಎತ್ತಬೇಕಾಗಿರಲೇ ಇಲ್ಲ. ಪ್ಲಾಟ್‌ಫಾರಮ್ಮು, ರೈಲಿನ ನೆಲ ಎರಡೂ ಒಂದೇ ಮಟ್ಟ. ಹಜಾರದಿಂದ ಅಡುಗೆಮನೆಗೆ ಹೋದ ಹಾಗೆ ಒಳಗೆ ಹೋಗಿಬಿಟ್ಟಿದ್ದೆ.

ನಮ್ಮ ಮೆಟ್ರೋದಲ್ಲೂ ಹೀಗೇ ಇದೆಯಲ್ಲ ಅಂತ ಬೆಂಗಳೂರಿನವರು ಕೇಳಬಹುದು. ನಿಜ, ಲಿಫ್ಟೂ ಇದೆ, ಪ್ಲಾಟ್‌ಫಾರಮ್ಮೂ ಸಮನಾಗಿದೆ. ಕಷ್ಟ ಏನಿದ್ದರೂ ಸ್ಟೇಷನ್ನಿನ ಬಾಗಿಲು ಮುಟ್ಟುವವರೆಗೆ. ಮೊಣಕಾಲೆತ್ತರದ ಫುಟ್‌ಪಾತು, ಅದರ ನಡುವೆ ಟ್ರಾನ್ಸ್‌ಫಾರ್ಮರು, ತುದಿಯಲ್ಲಿ ಬೈಕು ಹತ್ತದಿರಲಿ ಅಂತ ನೆಟ್ಟ ಕಂಬ. ಆ ಕಂಬದ ಸಂದಿನಲ್ಲಿ ಬೈಕು ಹೇಗೋ ನುಸುಳುತ್ತದೆ. ನುಸುಳದೆ ನಿಲ್ಲುವವಳು ನಾನು.

ಗಂಟೆ ಹೊತ್ತಿಗೆ ವುಲಿಚ್. ಅಲ್ಲೂ ಹಾಗೇ ಉರುಳಿಕೊಂಡು ಇಳಿದೆ. ಮುಂದಿನ ಸ್ಟೇಷನ್ ಅಬಿ ವುಡ್‌ನಲ್ಲಾಗಿದ್ದರೆ ಸಿಬ್ಬಂದಿ ಬಂದು ಹಲಗೆ ಹಾಕಬೇಕಿತ್ತಂತೆ. ಎಲ್ಲ ಕಡೆಯೂ ಸಮ ಇಲ್ಲ, ನೆನಪಿರಲಿ ಅಂದಳು ಸೊಸೆ.

ರಾತ್ರಿ ಡೈರಿ ತೆಗೆದೆ. ಹೀಥ್ರೂವಿನಿಂದ ಈಚೆಗೆ ಎತ್ತಿದ್ದು: 0. ಸೊನ್ನೆಯನ್ನು ಸ್ವಲ್ಪ ದೊಡ್ಡದಾಗಿಯೇ ಬರೆದೆ.

ಎರಡನೇ ದಿನ

ಸೊಸೆ ಆಫೀಸಿಗೆ ಹೋಗುವ ಮುಂಚೆ ನನ್ನ ಕೈಗೊಂದು ದಪ್ಪ ತಲೆಯ ಬೀಗದ ಕೈ ಕೊಟ್ಟಳು. ಇಲ್ಲಿ ಇದಕ್ಕೆ ರಾಡಾರ್ ಕೀ ಅನ್ನುತ್ತಾರೆ. ದೇಶದ ತುಂಬ ಸಾವಿರಾರು ಅಂಗವಿಕಲರ ಶೌಚಾಲಯಗಳಿಗೆ ಇದೊಂದೇ ಕೀಲಿ. ಈ ವ್ಯವಸ್ಥೆ 1980ರ ದಶಕದಿಂದಲೂ ಇದೆ.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರಲ್ಲಿ ಎಲ್ಲಿಗಾದರೂ ಹೊರಟರೆ ಹಿಂದಿನ ರಾತ್ರಿಯಿಂದಲೇ ನಾನು ನೀರು ಕಡಿಮೆ ಮಾಡುತ್ತೇನೆ. ಬೆಳಿಗ್ಗೆ ಕಾಫಿ ಇಲ್ಲ. ದಾರಿಯಲ್ಲಿ ಎಳನೀರು ಕೊಡಿಸುತ್ತೇವೆ ಅಂದರೂ ಬೇಡ. ಹೋದ ಕಡೆ ಬಾಗಿಲು ಅಗಲ ಇರುವ, ಕಮೋಡ್ ಇರುವ, ಒಣಗಿದ ನೆಲದ ಕೋಣೆ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲವಲ್ಲ. ನನ್ನಂಥ ಹೆಂಗಸರಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ಬಸ್ಸಿಗೆ ರಾಂಪ್ ಇದ್ದೂ ದಾರಿಯಲ್ಲಿ ಶೌಚಾಲಯ ಇಲ್ಲದಿದ್ದರೆ ಆ ಬಸ್ಸು ನನ್ನದಲ್ಲ. ಆವತ್ತು ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಹೊರಟೆ.

ಗ್ರಿನಿಚ್ ನೋಡಬೇಕಿತ್ತು. ಶಾಲೆಯಲ್ಲಿ ಸೊನ್ನೆ ಡಿಗ್ರಿ ರೇಖಾಂಶ ಅಂತ ಬಾಯಿಪಾಠ ಮಾಡಿದ ಜಾಗ. ಆ ವೀಕ್ಷಣಾಲಯ ಇರುವುದು ಒಂದು ಕಡಿದಾದ ಗುಡ್ಡದ ಮೇಲೆ. ಗ್ರಿನಿಚ್ ಪೇಟೆಯಲ್ಲಿ ಇಳಿದರೆ ಗುಡ್ಡದ ಬುಡ. ಅಲ್ಲಿಂದ ಕೈಯಲ್ಲಿ ಗಾಲಿ ತಳ್ಳಿಕೊಂಡು ಹತ್ತುವುದು ಕನಸಿನ ಮಾತು. ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು ನೋಡಿದಾಗ ಹೊಳೆಯಿತು. ಗುಡ್ಡದ ಬೆನ್ನಿನ ಕಡೆ ಬ್ಲ್ಯಾಕ್‌ಹೀತ್ ಅಂತ ಎತ್ತರದ ಬಯಲು ಇದೆ. ವುಲಿಚ್‌ನಿಂದ 53ನೇ ನಂಬರ್ ಬಸ್ಸು ಆ ಬಯಲಿನ ಮೇಲೇ ಹೋಗುತ್ತದೆ. ಅಲ್ಲಿ ಇಳಿದರೆ ಪಾರ್ಕಿನ ಮೇಲಿನ ಗೇಟು, ಒಳಗೆ ಮಟ್ಟಸವಾದ ಮರಗಳ ಸಾಲು, ಅದರ ಕೊನೆಗೆ ವೀಕ್ಷಣಾಲಯ. ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋದವರು ಮೆಟ್ಟಿಲು ಹತ್ತಿದವರನ್ನು ನೋಡುವ ಹಾಗೆ, ಕೆಳಗಿಂದ ಏದುಸಿರು ಬಿಡುತ್ತ ಬರುವವರನ್ನು ನೋಡಿ ನಾನೂ ಸ್ವಲ್ಪ ಜಂಬಪಟ್ಟೆ.

ಆ ಬಸ್ಸು ಹತ್ತಿದ್ದನ್ನು ಹೇಳದೆ ಮುಂದೆ ಹೋಗಲಾರೆ. ಡಬಲ್ ಡೆಕ್ಕರ್ ಬಂದು ನಿಂತಿತು. ಎಲ್ಲರೂ ಮುಂದಿನ ಬಾಗಿಲಲ್ಲಿ ಹತ್ತಿದರು. ಮಧ್ಯದ ಬಾಗಿಲ ಪಕ್ಕ ಹೊರಗಡೆ ವೀಲ್‌ಚೇರ್ ಗುರುತಿನ ನೀಲಿ ಗುಂಡಿ ಇತ್ತು, ಒತ್ತಿದೆ. ಚಾಲಕ ಕನ್ನಡಿಯಲ್ಲಿ ನೋಡಿ ಹೆಬ್ಬೆರಳು ಎತ್ತಿದ. ಬೀಪ್ ಬೀಪ್ ಅಂತ ಕೂಗುತ್ತ ಬಸ್ಸಿನ ಹೊಟ್ಟೆಯೊಳಗಿಂದ ಒಂದು ತಟ್ಟೆ ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತಿತು. ಎರಡು ಸಲ ಜೋರಾಗಿ ತಳ್ಳಿದೆ, ಒಳಗೆ. ಒಳಗೆ ಮೆತ್ತನೆಯ ಬೆನ್ನುಹಲಗೆ ಇದೆ. ಅದಕ್ಕೆ ಬೆನ್ನು ಕೊಟ್ಟು ಹಿಂದುಮುಖವಾಗಿ ಕೂರಬೇಕು, ಬ್ರೇಕ್ ಹಾಕಿಕೊಳ್ಳಬೇಕು, ಅಷ್ಟೆ. ಬೆಲ್ಟು ಗಿಲ್ಟು ಏನೂ ಇಲ್ಲ. ಟಿಕೆಟ್ಟಿಗೆ ಕಾರ್ಡು ತೆಗೆದರೆ ಬೇಡ ಅಂದರು. ಲಂಡನ್ ಬಸ್ಸುಗಳಲ್ಲಿ ವೀಲ್‌ಚೇರಿನವರಿಗೆ ದುಡ್ಡಿಲ್ಲ.

ಹೊರಗೆ ಮಳೆ ಹನಿಯುತ್ತಿತ್ತು. ನನ್ನ ಕಣ್ಣಲ್ಲೂ ಒಂಚೂರು, ಯಾಕೆ ಸುಳ್ಳು ಹೇಳಲಿ. 49 ವರ್ಷಕ್ಕೆ ಮೊದಲ ಸಲ ಒಬ್ಬಳೇ ಸಿಟಿ ಬಸ್ಸು ಹತ್ತಿದ್ದೆ.

ಈ ತಟ್ಟೆ ಸುಮ್ನೆ ಹೊರಗೆ ಬಂದದ್ದಲ್ಲ ಅಂತ ಸೊಸೆ ರಾತ್ರಿ ಹೇಳಿದಳು. 1990ರ ದಶಕದಲ್ಲಿ ಇಲ್ಲಿನ ಅಂಗವಿಕಲರು ರಸ್ತೆಗಿಳಿದು, ತಮ್ಮ ಕೈಗೂ ಬಸ್ಸಿಗೂ ಸೇರಿಸಿ ಕೈಕೋಳ ಹಾಕಿಕೊಂಡು, ಪೇಟೆಯ ನಡುವೆ ವಾಹನಗಳನ್ನು ನಿಲ್ಲಿಸಿದ್ದರು. ನಮಗೆ ಹತ್ತಲು ಆಗದ ಬಸ್ಸು ಮುಂದೆಯೂ ಹೋಗುವುದು ಬೇಡ ಅಂತ. 1995ರಲ್ಲಿ ಕಾನೂನು ಬಂತು. 2005ರ ಡಿಸೆಂಬರಿನಲ್ಲಿ ಹಿಂದೆ ತೆರೆದ ಬಾಗಿಲಿನ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು ದಿನನಿತ್ಯದ ಓಡಾಟದಿಂದ ಹೋದವು. ಅವು ಹೋದಾಗ ಬಹಳ ಜನ ಅತ್ತರಂತೆ. ಪೋಸ್ಟ್‌ಕಾರ್ಡಿನಲ್ಲಿ ಇವತ್ತಿಗೂ ಅದೇ ಬಸ್ಸು. ನಾನೂ ಆ ಪೋಸ್ಟ್‌ಕಾರ್ಡೇ ಕೊಂಡೆ. ಚಂದ ಇದೆ, ನನ್ನನ್ನು ಹತ್ತಿಸುತ್ತಿರಲಿಲ್ಲ, ಎರಡೂ ನಿಜ.

ಎತ್ತಿದ್ದು: 0.

ಮೂರನೇ ದಿನ

ಭೂಗತ ರೈಲಿನ ದಿನ. 1863ರಲ್ಲಿ ಶುರುವಾದ ರೈಲು ಅದು. ಆಗ ನನ್ನಂಥವರು ಮನೆಯಿಂದ ಹೊರಗೆ ಬರುತ್ತಾರೆ ಅಂತ ಯಾರು ಎಣಿಸಿದ್ದರು? 272 ಸ್ಟೇಷನ್ನುಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಷ್ಟೇ ಮೆಟ್ಟಿಲಿಲ್ಲದ ದಾರಿ. ನಕ್ಷೆಯಲ್ಲಿ ಎರಡು ಬಗೆಯ ವೀಲ್‌ಚೇರ್ ಗುರುತು. ನೀಲಿ ಇದ್ದರೆ ರಸ್ತೆಯಿಂದ ರೈಲಿನ ಒಳಗಿನವರೆಗೂ ಸಲೀಸು. ಬಿಳಿ ಇದ್ದರೆ ಪ್ಲಾಟ್‌ಫಾರಂವರೆಗೆ ಮಾತ್ರ, ಆಮೇಲೆ ರೈಲಿಗೂ ಅದಕ್ಕೂ ಅಂತರ ಇರುತ್ತದೆ, ಸಹಾಯ ಬೇಕು. ಈ ನೀಲಿ–ಬಿಳಿ ಗೊತ್ತಿಲ್ಲದೆ ಹೊರಟರೆ ಕೆಟ್ಟೆವು. ಎಲ್ಲರೂ ಬಣ್ಣಬಣ್ಣದ ಗೆರೆ ನೋಡುವ ನಕ್ಷೆಯಲ್ಲಿ ನಾನು ನೀಲಿ ಚುಕ್ಕೆಗಳನ್ನಷ್ಟೇ ನೋಡಿದೆ. ಆಗ ಲಂಡನ್ ಬೇರೆಯೇ ಊರು. ಎಷ್ಟೋ ಪ್ರಸಿದ್ಧ ಜಾಗಗಳು ಅದರಲ್ಲಿ ಇಲ್ಲವೇ ಇಲ್ಲ.

ಜುಬಿಲಿ ಲೈನಿನ ಒಂದು ಭಾಗ, ವೆಸ್ಟ್‌ಮಿನ್‌ಸ್ಟರಿನಿಂದ ಸ್ಟ್ರಾಟ್‌ಫರ್ಡ್‌ವರೆಗೆ, 1999ರಲ್ಲಿ ಕಟ್ಟಿದ್ದು. ಹಾಗಾಗಿ ಅಲ್ಲೆಲ್ಲ ಲಿಫ್ಟು ಇದೆ. ಕೆನರಿ ವಾರ್ಫ್‌ನಲ್ಲಿ ರೈಲು ಬದಲಿಸಿ ವೆಸ್ಟ್‌ಮಿನ್‌ಸ್ಟರಿಗೆ ಬಂದೆ. ಲಿಫ್ಟಿಂದ ಲಿಫ್ಟಿಗೆ ಹೋಗುತ್ತ, ಕಾಂಕ್ರೀಟಿನ ದೊಡ್ಡ ಬಾವಿಯೊಳಗಿಂದ ಮೇಲೆ ಬಂದ ಹಾಗಾಯಿತು. ಹೊರಗೆ ಬಂದರೆ ಎದುರಿಗೇ ಬಿಗ್ ಬೆನ್.

ನನಗೆ ಬೇಕಾಗಿದ್ದದ್ದು ಅದಲ್ಲ. ಪಾರ್ಲಿಮೆಂಟಿನ ಪಕ್ಕದ ತೋಟ ದಾಟಿ, ಕೆಂಪು ಬಣ್ಣದ ಲ್ಯಾಂಬೆತ್ ಸೇತುವೆ ದಾಟಿ, ಆಚೆ ದಡದಲ್ಲಿರುವ ಬಸವಣ್ಣನವರನ್ನು ನೋಡಬೇಕಿತ್ತು. ಆ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣ ಆಯಿತು. ಅದರ ಹಿಂದೆ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಕಡೆಯ ನೀರಜ್ ಪಾಟೀಲ್. ದಾರಿಯುದ್ದಕ್ಕೂ ಪ್ರತಿ ರಸ್ತೆ ದಾಟುವಲ್ಲೂ ಫುಟ್‌ಪಾತಿನ ಅಂಚನ್ನು ರಸ್ತೆಯ ಮಟ್ಟಕ್ಕೆ ಇಳಿಸಿದ್ದಾರೆ, ಕಣ್ಣು ಕಾಣದವರಿಗೆ ತಿಳಿಯಲಿ ಅಂತ ಅಲ್ಲಿ ಬೊಬ್ಬೆ ಬೊಬ್ಬೆ ಕಲ್ಲು ಹಾಸಿದ್ದಾರೆ. ಸೇತುವೆಯ ಏರಿನಲ್ಲಿ ಭುಜ ಸೋತಿತು. ಅರ್ಧಕ್ಕೆ ನಿಂತು ಥೇಮ್ಸ್ ನೋಡುವ ನಾಟಕ ಮಾಡಿ ಉಸಿರು ತಗೊಂಡೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು, ಕೇಳದೆಯೇ ಕುರ್ಚಿ ಹಿಡಿದು ತಳ್ಳತೊಡಗಿದರು. ಒಳ್ಳೆಯ ಮನಸ್ಸಿನ ಅಜ್ಜ. ನನ್ನ ಬೆರಳು ಗಾಲಿಯ ಕಡ್ಡಿಗೆ ಸಿಗುವುದರಲ್ಲಿತ್ತು. "ಬೇಡ, ಬೇಡ" ಅಂತ ಕನ್ನಡದಲ್ಲೇ ಕೂಗಿದೆ. ಕೇಳದೆ ತಳ್ಳುವವರು ಎಲ್ಲ ಊರಲ್ಲೂ ಇದ್ದಾರೆ, ಅಲ್ವಾ?

ಪ್ರತಿಮೆಯ ಮುಂದೆ ಸುಮಾರು ಹೊತ್ತು ಕೂತಿದ್ದೆ. ಸ್ಥಾವರ, ಜಂಗಮ ಅಂತ ಗಾಲಿ ಮೇಲೆ ಕೂತು ನನಗೆ ಏನೇನು ಹೊಳೆಯಿತು ಅಂತ ನೀವೇ ಊಹಿಸಿಕೊಳ್ಳಿ, ನಾನು ಬರೆಯುವುದಿಲ್ಲ. ಧಾರವಾಡ ಕಡೆಯ ಒಂದು ಕುಟುಂಬ ಬಂತು. "ಅಕ್ಕಾರ, ಒಬ್ರ ಬಂದೀರೇನ್ರಿ?" ಅಂದರು. ಹೌದ್ರಿ ಅಂದೆ. ಫೋಟೋ ತೆಗೆದುಕೊಟ್ಟರು. ಚೂಡಾ ಕೊಟ್ಟರು.

ಎತ್ತಿದ್ದು: 0. ಕೇಳದೆ ತಳ್ಳಿದ್ದು: 1.

ನಾಲ್ಕನೇ ದಿನ

ಕವೆಂಟ್ ಗಾರ್ಡನ್‌ನಲ್ಲಿ ಸಾರಿಗೆ ಮ್ಯೂಸಿಯಂ ಇದೆ. ತಮಾಷೆ ಏನೆಂದರೆ ಅದರ ಪಕ್ಕದ ಭೂಗತ ಸ್ಟೇಷನ್ನಿಗೇ ನಾನು ಹೋಗುವ ಹಾಗಿಲ್ಲ. ಅಲ್ಲಿ ಲಿಫ್ಟು ಇದೆ, ಆದರೆ ಲಿಫ್ಟಿಗೂ ಪ್ಲಾಟ್‌ಫಾರಮ್ಮಿಗೂ ನಡುವೆ ಮೆಟ್ಟಿಲಿದೆ. ಅಲ್ಲಿನ ಸುರುಳಿ ಮೆಟ್ಟಿಲು 193 ಅಂತ ಬೋರ್ಡು ಹಾಕಿದ್ದಾರೆ. ಅದನ್ನು ಓದಿಯೇ ಕಾಲಿದ್ದವರು ಲಿಫ್ಟಿನ ಸಾಲಿಗೆ ಬರುತ್ತಾರಂತೆ.

ಟಾಟನಂ ಕೋರ್ಟ್ ರೋಡಿನಲ್ಲಿ ಇಳಿದು ಬಸ್ಸು ಹಿಡಿದೆ. ವೀಲ್‌ಚೇರಿನ ಜಾಗದಲ್ಲಿ ಒಬ್ಬ ತಾಯಿ, ತಳ್ಳುಗಾಡಿ, ಅದರಲ್ಲಿ ನಿದ್ದೆ ಮಾಡುವ ಮಗು. ಬಸ್ಸಿಗೆ ಇರುವುದು ಅದೊಂದೇ ಜಾಗ. ಚಾಲಕ ಮೈಕಿನಲ್ಲಿ ಹೇಳಿದ. ಅವಳು ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು ಒದ್ದಾಡುತ್ತ ಗಾಡಿ ಮಡಚಿದಳು. ಮಗು ಎದ್ದು ಅತ್ತಿತು. ಇಡೀ ಬಸ್ಸು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನಾನೇನಾದರೂ ಕಿತ್ತುಕೊಂಡೆನಾ?

ಇದೇ ಜಗಳ ಇಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2012ರಲ್ಲಿ ಡಗ್ ಪಾಲಿ ಅನ್ನುವವರು ಲೀಡ್ಸ್‌ಗೆ ಹೋಗುವ ಬಸ್ಸು ಹತ್ತಲು ನೋಡಿದರು. ತಳ್ಳುಗಾಡಿಯವರು ಜಾಗ ಬಿಡಲಿಲ್ಲ, ಇವರು ಸ್ಟಾಪಿನಲ್ಲೇ ಉಳಿದರು. ಐದು ವರ್ಷ ಹೋರಾಡಿದರು. 2017ರ ಜನವರಿಯಲ್ಲಿ ತೀರ್ಪು ಬಂತು. ಚಾಲಕ ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ವಿನಾಕಾರಣ ಬಿಡದಿದ್ದರೆ ಸ್ವಲ್ಪ ಹೊತ್ತು ಬಸ್ಸು ನಿಲ್ಲಿಸುವುದೂ ಸೇರಿ ಇನ್ನೂ ಒಂದಿಷ್ಟು ಪ್ರಯತ್ನ ಮಾಡಬೇಕು ಅಂತ. ಅಂದರೆ ಅವರ ಐದು ವರ್ಷದ ಮೇಲೆ ಕೂತು ನಾನು ಹತ್ತು ನಿಮಿಷ ಪ್ರಯಾಣ ಮಾಡಿದೆ. ಇಳಿಯುವಾಗ ಆ ತಾಯಿಗೆ ಕೈ ಬೀಸಿದೆ. ಅವಳೂ ಬೀಸಿದಳು. ಮಗು ಬೀಸಲಿಲ್ಲ.

ಕವೆಂಟ್ ಗಾರ್ಡನ್‌ನ ಗುಂಡುಕಲ್ಲಿನ ನೆಲದಲ್ಲಿ ನನ್ನ ಹಲ್ಲು ಕಟಕಟ ಅಂದಿತು, ಹಂಪಿ ಬಜಾರಿನಲ್ಲಿ ಆದ ಹಾಗೆ. ಮ್ಯೂಸಿಯಮ್ಮಿನ ಒಳಗೆ ಎಲ್ಲ ಸಲೀಸು. ಅರ್ಲ್ಸ್ ಕೋರ್ಟ್ ಸ್ಟೇಷನ್ನಿಗೆ 1911ರಲ್ಲಿ ಭೂಗತ ರೈಲಿನ ಮೊದಲ ಎಸ್ಕಲೇಟರ್ ಬಂದಾಗ ಜನರ ಹೆದರಿಕೆ ಬಿಡಿಸಲು ಮರಗಾಲಿನ ಒಬ್ಬ ಮನುಷ್ಯನನ್ನು ಅದರ ಮೇಲೆ ಓಡಾಡಿಸಿದರು ಅಂತ ಒಂದು ಕಥೆ ಈ ಊರಲ್ಲಿದೆ. ಕಥೆ ಎಷ್ಟು ನಿಜವೋ, ನನಗಂತೂ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು. ಅವನಿಗಾದರೂ ಎಸ್ಕಲೇಟರ್ ಸಿಕ್ಕಿತು.

ಸಂಜೆ ಊರಿನ ಗೆಳತಿಯೊಬ್ಬಳ ಮನೆಗೆ ಹೊರಟೆ. ಅವಳ ಸ್ಟೇಷನ್ನಿನ ಹೆಸರು ಹೇಳುವುದಿಲ್ಲ. ನಕ್ಷೆಯಲ್ಲಿ ನೀಲಿ ಚುಕ್ಕೆ ಇತ್ತು. ರೈಲಿಂದ ಇಳಿದು ಲಿಫ್ಟಿನ ಹತ್ತಿರ ಹೋದರೆ ಬಾಗಿಲಿಗೆ ಅಡ್ಡ ಪಟ್ಟಿ, ಮೇಲೊಂದು ಕಾಗದ. ಕೆಟ್ಟಿದೆ. ಬೆಳಿಗ್ಗೆ ಸರಿ ಇತ್ತಂತೆ. ರೈಲು ಹೊರಟು ಹೋಯಿತು, ಜನ ಮೆಟ್ಟಿಲು ಹತ್ತಿ ಹೋದರು. ಪ್ಲಾಟ್‌ಫಾರಮ್ಮಿನಲ್ಲಿ ನಾನು, ಒಂದು ಬೆಂಚು, ಒಂದು ಜಾಹೀರಾತು.

ಇಬ್ಬರು ಹುಡುಗರು ವಾಪಸ್ ಬಂದರು. ಜಿಮ್ಮಿನ ಚೀಲ ಹಾಕಿಕೊಂಡಿದ್ದರು, ತೋಳು ಹಲಸಿನ ಕೊಂಬೆ ಹಾಗಿತ್ತು. "ನಿಮ್ಮನ್ನು ಎತ್ತಿಕೊಂಡು ಹೋಗಲಾ?" ಅಂತ ಕೇಳಿದರು. ಕುರ್ಚಿ ಸಮೇತ ಎರಡು ನಿಮಿಷದ ಕೆಲಸ ಅವರಿಗೆ. ಊರಲ್ಲಾಗಿದ್ದರೆ ನಾನಾಗಲೇ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿರುತ್ತಿದ್ದೆ. ಚಾಚಿದ್ದೆ ಕೂಡ, ಸ್ವಲ್ಪ. ಆಮೇಲೆ ಏನಾಯಿತೋ, "ಬೇಡಪ್ಪ, ಥ್ಯಾಂಕ್ಸ್" ಅಂದೆ. ಅವರು ಸರಿ ಅಂತ ಹೋದರು. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ. ನನಗೆ ಎದೆ ಡವಡವ.

ಸಿಬ್ಬಂದಿಯ ಹುಡುಗಿ ಬಂದಳು. ವಾಕಿಟಾಕಿಯಲ್ಲಿ ಮಾತಾಡಿದಳು. ಹಿಂದಿನ ದಿಕ್ಕಿನಲ್ಲಿ ಲಿಫ್ಟು ಇರುವ ಸ್ಟೇಷನ್ನಿಗೆ ರೈಲಿನಲ್ಲಿ ಕಳಿಸಿದಳು. ಅಲ್ಲಿ ಒಬ್ಬ ಕಾದಿದ್ದ. ಅವನು ಟ್ಯಾಕ್ಸಿಗೆ ಹೇಳಿದ. ದುಡ್ಡು ನಾನು ಕೊಡಬೇಕಾಗಿರಲಿಲ್ಲ, ಆದರೆ 50 ನಿಮಿಷ ಚಳಿಯಲ್ಲಿ ಕಾದೆ. ಬೈದುಕೊಂಡೇ ಕಾದೆ. ನೀಲಿ ಚುಕ್ಕೆ ನಂಬಿ ಬಂದವಳಿಗೆ ಒಂದು ಕಾಗದ ಅಂಟಿಸಿದರೆ ಆಯಿತಾ?

ಟ್ಯಾಕ್ಸಿ ಅಂದರೆ ಆ ಕಪ್ಪು ಕ್ಯಾಬು. ಈ ಊರಿನ ಕಪ್ಪು ಕ್ಯಾಬುಗಳೆಲ್ಲ ವೀಲ್‌ಚೇರ್ ಹತ್ತುವಂಥವೇ. ಚಾಲಕ ರಾಂಪ್ ತೆಗೆದು ಹಾಕಿದ, ನಾನು ಕುರ್ಚಿಯಲ್ಲೇ ಒಳಗೆ ಹೋದೆ. ರಸ್ತೆ ಚಿಕ್ಕದು, ಹಿಂದಕ್ಕೆ ತಿರುಗಿಸಬೇಕಿತ್ತು. ಒಂದೇ ಸುತ್ತಿಗೆ ಬುಗುರಿ ಹಾಗೆ ತಿರುಗಿಸಿಬಿಟ್ಟ. 25 ಅಡಿಯಲ್ಲಿ ತಿರುಗಬೇಕು ಅನ್ನುವುದು ಲಂಡನ್ ಟ್ಯಾಕ್ಸಿಗೆ ಹಳೆಯ ನಿಯಮ ಅಂತ ಹೆಮ್ಮೆಯಿಂದ ಹೇಳಿದ. ಗೆಳತಿಯ ಮನೆಯಲ್ಲಿ ಸಾರು ತಣ್ಣಗಾಗಿತ್ತು.

ಎತ್ತಿದ್ದು: 0. ಪಕ್ಕದಲ್ಲಿ 'ಬೇಡ ಅಂದದ್ದು: 1' ಅಂತ ಬರೆದೆ. ಆ ಲೆಕ್ಕ ಡೈರಿಯಲ್ಲಿ ಅದೇ ಮೊದಲು.

ಐದನೇ ದಿನ

ಭುಜ ನೋವು. ಮಧ್ಯಾಹ್ನದವರೆಗೆ ಮಲಗಿದ್ದೆ. ಆಮೇಲೆ ವುಲಿಚ್‌ನಿಂದ ದೋಣಿ ಹಿಡಿದು ಥೇಮ್ಸ್ ಮೇಲೆ ಸುತ್ತಾಡಿದೆ. ಯಾರೂ ಹೇಳದ ಒಂದು ಗುಟ್ಟು ಇದೆ. ಥೇಮ್ಸ್ ಸಮುದ್ರದ ಉಬ್ಬರ ಇಳಿತಕ್ಕೆ ಏರಿಳಿಯುವ ನದಿ. ದೋಣಿಕಟ್ಟೆ ತೇಲುತ್ತದೆ, ದಡದಿಂದ ಅದಕ್ಕೊಂದು ಸೇತು. ನೀರು ತುಂಬಿದಾಗ ಸೇತು ಸಮ. ನೀರು ಇಳಿದಾಗ ಅದೇ ಸೇತು ಜಾರುಬಂಡೆ. ಹೋಗುವಾಗ ನಾನು ಸಮದಲ್ಲಿ ಹೋದೆ, ಬರುವಾಗ ಏರು. ವೀಲ್‌ಚೇರಿನವರು ಪಂಚಾಂಗ ನೋಡಿದ ಹಾಗೆ ಉಬ್ಬರದ ವೇಳೆ ನೋಡಿಕೊಂಡು ಹೊರಡುವುದು ಒಳ್ಳೆಯದು.

ಆರನೇ ದಿನ

ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿಗೆ ಒಂದು ಲಿಫ್ಟು ನೋಡುವುದಕ್ಕೇ ಹೋದೆ. ಎಸ್ಕಲೇಟರಿನ ಪಕ್ಕದಲ್ಲೇ, ಅದರ ಹಾಗೆಯೇ ಓರೆಯಾಗಿ ಏರುವ ಲಿಫ್ಟು. ಪಕ್ಕದಲ್ಲಿ ನಿಂತ ಜನರ ಜೊತೆಗೇ, ಅವರ ಮುಖ ನೋಡುತ್ತಲೇ ಮೇಲೆ ಬರಬಹುದು. ಬೇರೆ ಕಡೆ ಲಿಫ್ಟುಗಳು ಯಾವುದೋ ಮೂಲೆಯಲ್ಲಿ ಇರುತ್ತವೆ, ನಾವು ಕಸದ ಡಬ್ಬಿಗಳ ಜೊತೆ ಹೋಗುತ್ತೇವೆ. ಇದರಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿದೆ. ಕ್ಯಾಮೆರಾ ನೋಡುತ್ತಿದ್ದವರು ಏನಂದುಕೊಂಡರೋ.

ಸಂಜೆ ಡಿ.ಎಲ್.ಆರ್. ರೈಲು. ಚಾಲಕನ ಕೋಣೆ ಇಲ್ಲದ ಪುಟ್ಟ ರೈಲು, 1987ರಲ್ಲಿ ಶುರುವಾದಾಗಿನಿಂದಲೂ ಎಲ್ಲ ಸ್ಟೇಷನ್ನಿಗೂ ಮೆಟ್ಟಿಲಿಲ್ಲದ ದಾರಿ. ಎಲ್ಲಕ್ಕಿಂತ ಮುಂದಿನ ಗಾಜಿನ ಹತ್ತಿರ ಹೋಗಿ ಕೂತೆ. ಒಬ್ಬ ಪುಟ್ಟ ಹುಡುಗ ಬಂದು ಪಕ್ಕ ನಿಂತ. ಇಬ್ಬರೂ ಸೇರಿ ವುಲಿಚ್‌ವರೆಗೆ ರೈಲು ಓಡಿಸಿದೆವು.

ವಾಪಸ್

ವಿಮಾನದ ಲೆಕ್ಕ ಮೊದಲಿನ ಹಾಗೆಯೇ, ಎರಡು. ಬೆಂಗಳೂರಿಗೆ ಅಣ್ಣ ಬಂದಿದ್ದ. ಕಾರು ಗ್ಯಾರೇಜಿನಲ್ಲಿತ್ತು, ಹಾಗಾಗಿ ಹಾಸನಕ್ಕೆ ರೈಲು. ಬೋಗಿಯ ಬಾಗಿಲ ಮುಂದೆ ನಿಂತಾಗ ಕೆಳಗಿಂದ ಅಣ್ಣ, ಮೇಲಿಂದ ಕೂಲಿ, ಎಂದಿನ ಹಾಗೆ. ಅಣ್ಣನಿಗೀಗ 56. ಎತ್ತುವಾಗ ಅವನ ಸೊಂಟ ಕಟಕ್ ಅಂದದ್ದು ನನಗೆ ಕೇಳಿಸಿತು. ಅವನು ನಕ್ಕ. "ಲಂಡನ್ನಲ್ಲಿ ಚೆನ್ನಾಗಿ ತಿಂದಿದ್ದೀಯ" ಅಂದ.

ಹಾಸನದಲ್ಲಿ ನನ್ನ ಕಾಯಂ ಆಟೋದವನು ಕಾದಿದ್ದ. "ಬನ್ನಿ ಮೇಡಂ" ಅಂತ ಎರಡೂ ಕೈ ಮುಂದೆ ಮಾಡಿದ. ಕೈ ಕೊಟ್ಟೆ.

ರಾತ್ರಿ ಡೈರಿ ಬರೆಯುವಾಗ ವಿಮಾನದ ಎರಡಕ್ಕೆ ರೈಲಿನ ಎರಡು, ಆಟೋದ ಒಂದು ಕೂಡಿಸಿ ಐದು ಅಂತ ಹಾಕಿದೆ. ದೀಪ ಆರಿಸಿದ ಮೇಲೆ ನೆನಪಾಯಿತು, ಆಟೋದಿಂದ ಇಳಿಸಿದ್ದು ಬಿಟ್ಟುಹೋಗಿತ್ತು. ಮತ್ತೆ ದೀಪ ಹಾಕಿ, ಐದನ್ನು ಹೊಡೆದು ಆರು ಮಾಡಿದೆ.